ಅಮಾವಾಸ್ಯೆಗೆ ನಿಲ್ಲದ ಮಗ್ಗ

ದೇವರು ಹತ್ತು ಆಜ್ಞೆ ಕೊಟ್ಟು ಸಾಕುಮಾಡಿದ, ನಮ್ಮಪ್ಪನಿಗೆ ಅಷ್ಟು ಸಾಲಲಿಲ್ಲ ಎಂದು ನಾನೊಮ್ಮೆ ಅವ್ವನ ಮುಂದೆ ಅಂದಿದ್ದೆ. ಅವ್ವ ಮೊದಲು ನಕ್ಕಳು, ಆಮೇಲೆ ಬಾಗಿಲ ಕಡೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾರಾಯಣಪೇಟೆಯ ನಮ್ಮ ಓಣಿಯಲ್ಲಿ, ಕುಣಿಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ ನಮ್ಮಪ್ಪನ ಹತ್ತಿರ ಹನ್ನೊಂದನೆಯ ಆಜ್ಞೆಯೂ ಒಂದಿತ್ತು. ಅಮಾವಾಸ್ಯೆಯ ದಿನ ಮಗ್ಗ ನಿಲ್ಲಿಸಬಾರದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಓಣಿಯ ಬೇರೆ ನೇಕಾರರು ಭಾನುವಾರ, ನಮ್ಮ ಕಡೆಯ ಮಾತಿನಲ್ಲಿ ಐತವಾರ, ನೇಯುತ್ತಾರೆ, ಅಮಾವಾಸ್ಯೆಗೆ ನಿಲ್ಲಿಸುತ್ತಾರೆ; ನಾವು ಭಾನುವಾರ ಮಗ್ಗ ಮುಟ್ಟುವುದಿಲ್ಲ. ಅದು ಹಳೆಯ ದಸ್ತೂರು. ಅವತ್ತು ಲಾಳಿ ಓಡಿಸಿದರೆ ಮನೆಗೆ ಕೇಡು ಎಂಬ ಮಾತು ಮಕ್ಕಳಿಗೂ ಗೊತ್ತು. ನನ್ನ ತಾತ ಯೇಸುವನ್ನು ನಂಬಿ ದೀಕ್ಷಾಸ್ನಾನ ಮಾಡಿಸಿಕೊಂಡ ಮೇಲೆ ಬಂದ ಮೊದಲ ಅಮಾವಾಸ್ಯೆಗೆ ಬೇಕೆಂದೇ ಮಗ್ಗಕ್ಕೆ ಇಳಿದನಂತೆ. ಇಡೀ ಓಣಿ ಬಾಗಿಲಲ್ಲಿ ನಿಂತು, ಈತನ ಮಾಳಿಗೆ ಈಗ ಬಿದ್ದೀತು ಆಗ ಬಿದ್ದೀತು ಎಂದು ಕಾದಿತು. ಬೀಳಲಿಲ್ಲ. ಸಂಜೆ ತಾತ ಮಗ್ಗದಿಂದ ಎದ್ದು ಬಂದು ನಿಂತವರಿಗೆಲ್ಲ ಚಹಾ ಕುಡಿಸಿದನಂತೆ. ಚಂದ್ರನಿಗೆ ಹೆದರುವ ಕಾಲ ತನ್ನ ಮನೆಯಲ್ಲಿ ಮುಗಿಯಿತು ಎಂಬ ಸಂತೋಷ ಅದು. ತಾತನಿಗೆ ಸಂತೋಷವಾಗಿದ್ದದ್ದು ಅಪ್ಪನ ಕಾಲಕ್ಕೆ ಹುಕುಂ ಆಯಿತು. ನಮ್ಮ ಮನೆಯಲ್ಲಿ ಮಾತ್ರ ಹೀಗಾಗಿರಲಿಕ್ಕಿಲ್ಲ.

ಅಪ್ಪ ನಮ್ಮ ಸಣ್ಣ ಕ್ರೈಸ್ತ ಸಭೆಯ ಹಿರಿಯ. ಅಯ್ಯನವರು, ಅಂದರೆ ನಮ್ಮ ಪಾದ್ರಿ, ಇರುವುದು ಗದ್ವಾಲಿನಲ್ಲಿ. ಗದ್ವಾಲ್, ಮಕ್ತಲ್, ನಾರಾಯಣಪೇಟೆ ಮೂರೂ ಊರಿನ ಸಭೆಗಳನ್ನು ಅವರೊಬ್ಬರೇ ಮೋಟಾರ್ ಸೈಕಲ್ಲಿನ ಮೇಲೆ ತಿರುಗಿ ನೋಡಿಕೊಳ್ಳಬೇಕು. ಹಾಗಾಗಿ ನಮ್ಮಲ್ಲಿ ಪ್ರಭುಭೋಜನ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆ, ಮೂರು ತಿಂಗಳಿಗೊಮ್ಮೆ. ಅಷ್ಟು ದೂರದಿಂದ ಬರುವ ಅಯ್ಯನವರಿಗೆ ಇಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರು ಕುಡಿದು ಬಿದ್ದಿದ್ದರು ಹೇಗೆ ಗೊತ್ತಾಗಬೇಕು? ಅದಕ್ಕೆ ತಾತನ ಕಾಲದಿಂದ ಒಂದು ಪದ್ಧತಿ ಬಂದಿದೆ. ಹಿಂದಿನ ಶುಕ್ರವಾರ ಹಿರಿಯ ಮನೆಮನೆಗೆ ಹೋಗಿ ಮೂರು ಪ್ರಶ್ನೆ ಕೇಳುತ್ತಾನೆ. ಉತ್ತರ ಸರಿ ಕಂಡರೆ ಒಂದು ಕುಚ್ಚು ಕೊಡುತ್ತಾನೆ. ಮಗ್ಗಕ್ಕೆ ಏರಿಸಿದ ಒಂದು ಹಾಸುನೂಲು ನೇಯ್ದು ಮುಗಿದ ಮೇಲೆ ಕತ್ತರಿಸಿ ತೆಗೆಯುವ ತುದಿನೂಲಿನಿಂದ ಕಟ್ಟಿದ, ಹೆಬ್ಬೆರಳಿನಷ್ಟು ಉದ್ದದ ಕುಚ್ಚು. ಭಾನುವಾರ ಅದನ್ನು ತಟ್ಟೆಗೆ ಹಾಕಿದವರಿಗೆ ರೊಟ್ಟಿ. ಓದು ಬಾರದವರ ಕಾಲದ ಏರ್ಪಾಡು, ಓದು ಬಂದ ಮೇಲೂ ಉಳಿದುಕೊಂಡಿತು.

ಮೂರು ಪ್ರಶ್ನೆ ನನಗೆ ಈಗಲೂ ಬಾಯಿಪಾಠ. "ಯಾರ ಕೂಡಾದ್ರೂ ಜಗಳ ಐತೇನು? ಐತವಾರ ಮಗ್ಗ ಮುಟ್ಟೀರೇನು? ಅಮಾಸಿಗಿ ಮಗ್ಗ ನಿಲ್ಸೀರೇನು?" ನನ್ನ ಹದಿನಾರನೆಯ ವಯಸ್ಸಿನಲ್ಲಿ ಗೆಳತಿಯೊಬ್ಬಳ ಜೊತೆ ಕೂದಲು ಹಿಡಿದು ಜಗಳ ಮಾಡಿದ ಮರುದಿನವೇ ಶುಕ್ರವಾರ ಬಂತು. ಅಪ್ಪ ಹೊರಗಿನವರನ್ನು ಕೇಳುವ ಹಾಗೆಯೇ ನನ್ನನ್ನೂ ನಡುಮನೆಯಲ್ಲಿ ನಿಲ್ಲಿಸಿ ಕೇಳಿದ. ಜಗಳ ಇಲ್ಲ ಎಂದೆ. ಕುಚ್ಚು ಸಿಕ್ಕಿತು. ಆ ಭಾನುವಾರ ನುಂಗಿದ ರೊಟ್ಟಿ ಬುಧವಾರದವರೆಗೂ ಗಂಟಲಲ್ಲೇ ಇದ್ದಂತಿತ್ತು. ಸುಳ್ಳು ಹೇಳಿದವಳಿಗೆ ಕುಚ್ಚು ಸಿಗುತ್ತದೆ, ನಿಜ ಹೇಳಿದವರಿಗೆ ಸಿಗುವುದಿಲ್ಲ ಎಂದು ನನಗೆ ಅವತ್ತೇ ತಿಳಿಯಿತು. ಅಪ್ಪನಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ನಿಜ ಹೇಳಿ ಕೆಟ್ಟವಳು ನಮ್ಮ ಗೋಡೆಯಾಚೆಯ ಚಿಕ್ಕಮ್ಮ. ರಕ್ತಸಂಬಂಧವಲ್ಲ, ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ, ಅದೇ ಸಂಬಂಧ. ಚಿಕ್ಕವಯಸ್ಸಿಗೇ ಗಂಡ ತೀರಿದ, ತಾನೇ ಮಗ್ಗ ನಡೆಸಿ ಹೊಟ್ಟೆ ಹೊರೆದುಕೊಂಡ ಹೆಂಗಸು. ಅವಳ ಮಗ್ಗ ಗೋಡೆಯ ಆ ಕಡೆ, ಅಪ್ಪನ ಮಗ್ಗ ಈ ಕಡೆ. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರಿಗೆ ಗೊತ್ತಾಗದೆ ಇರುವುದು ಸಾಧ್ಯವಿಲ್ಲ. ಹತ್ತು ವರ್ಷಕ್ಕೂ ಹಿಂದೆ ಒಂದು ಅಮಾವಾಸ್ಯೆಗೆ ಅವಳ ಮಗ್ಗ ನಿಂತಿತು. ಮುಂದಿನದಕ್ಕೂ ನಿಂತಿತು. ಶುಕ್ರವಾರ ಅಪ್ಪ ಮೂರನೆಯ ಪ್ರಶ್ನೆ ಕೇಳಿದಾಗ ಅವಳು ತಲೆ ತಗ್ಗಿಸಲಿಲ್ಲ.

"ಹೌದ್ರಿ ಅಣ್ಣಾ, ನಿಲ್ಸೀನಿ. ಮುಂದೂ ನಿಲ್ಸ್ತೀನಿ."

ಅಪ್ಪ ಕಾರಣ ಕೇಳಲಿಲ್ಲ. ಕಾರಣ ಕೇಳುವುದು ತನ್ನ ಕೆಲಸವಲ್ಲ ಎಂದು ಅವನ ಮತ. ಕುಚ್ಚಿನ ಚೀಲದ ಬಾಯಿ ಬಿಗಿದುಕೊಂಡು ಎದ್ದು ಬಂದ.

ಕಾರಣ ನಮಗೆಲ್ಲ ಗೊತ್ತಿತ್ತು. ಚಿಕ್ಕಮ್ಮನ ಅತ್ತೆ ಯೇಸುವನ್ನು ನಂಬಿದವಳಲ್ಲ. ಹಣೆಗೆ ವಿಭೂತಿ ಹಚ್ಚುವ ಮುದುಕಿ, ಕಣ್ಣು ಹೋಗಿ ಸೊಸೆಯ ಮನೆಗೆ ಬಂದು ಸೇರಿದ್ದಳು. ಅಮಾವಾಸ್ಯೆಯ ದಿನ ಆ ಮನೆಯಲ್ಲಿ ಮಗ್ಗದ ಸಪ್ಪಳ ಕೇಳಿದರೆ ಆ ಮುದುಕಿ ನಡುಗುತ್ತ ಗೋಡೆ ಹಿಡಿದು ಕೂತುಬಿಡುತ್ತಿದ್ದಳು, ಒಂದು ತುತ್ತು ಬಾಯಿಗಿಡುತ್ತಿರಲಿಲ್ಲ. ಸೊಸೆ ಮಗ್ಗ ನಿಲ್ಲಿಸಿದಳು, ಮುದುಕಿ ಉಂಡಳು. ಇಷ್ಟೇ. ಅವ್ವ ಒಂದು ಸಲ ಇದನ್ನು ಅಪ್ಪನಿಗೆ ಹೇಳಲು ಬಾಯಿ ತೆರೆದದ್ದೂ ಉಂಟು. "ಅತ್ತಿನ್ನ ಮೆಚ್ಚಿಸ್ಬೇಕೋ, ದೇವರನ್ನ ಮೆಚ್ಚಿಸ್ಬೇಕೋ, ಅಕೀನೇ ನೋಡ್ಕೊಳ್ಳಿ" ಎಂದು ಅಪ್ಪ ಆ ಮಾತನ್ನು ಅಲ್ಲಿಗೇ ಕತ್ತರಿಸಿದ.

ಆದರೂ ಚಿಕ್ಕಮ್ಮ ಗುಡಿ ಬಿಡಲಿಲ್ಲ. ನಮ್ಮಲ್ಲಿ ಚರ್ಚಿಗೆ ಗುಡಿ ಎಂದೇ ಅನ್ನುತ್ತೇವೆ. ಪ್ರತಿ ಪ್ರಭುಭೋಜನದ ಭಾನುವಾರ, ಅವತ್ತಿಗೆಂದೇ ನಮ್ಮ ಹೆಂಗಸರೆಲ್ಲ ಉಡುವ ಬಿಳಿ ಸೀರೆ ಉಟ್ಟು ಬಂದು ಕೊನೆಯ ಬೆಂಚಿನಲ್ಲಿ ಕೂಡುವಳು. ಉಳಿದವರು ಎದ್ದು ಮುಂದೆ ಹೋಗುವಾಗ ಅವರ ಕೂಸುಗಳನ್ನು ಎತ್ತಿಕೊಳ್ಳುವಳು. ಎರಡು ತೊಡೆಯ ಮೇಲೆ ಎರಡು, ಪಕ್ಕದಲ್ಲಿ ಒಂದು. ತಾಯಂದಿರು ರೊಟ್ಟಿ ತೆಗೆದುಕೊಂಡು ಕಣ್ಣು ಒರೆಸಿಕೊಳ್ಳುತ್ತ ಬಂದು ತಮ್ಮ ತಮ್ಮ ಕೂಸು ಎತ್ತಿಕೊಂಡು ಹೋಗುವರು. ನಾನೂ ನನ್ನ ಮಗಳನ್ನು ಎಷ್ಟೋ ಸಲ ಅವಳ ಮಡಿಲಿಗೆ ಹಾಕಿ ಮುಂದೆ ಹೋಗಿದ್ದೇನೆ. ಆಗ ನನಗೆ ನಾಚಿಕೆ ಆಗಲಿಲ್ಲ. ಈಗ ಆಗುತ್ತದೆ.

ಅತ್ತೆ ತೀರಿಕೊಂಡ ಮೇಲಾದರೂ ಚಿಕ್ಕಮ್ಮ ಅಮಾವಾಸ್ಯೆಗೆ ಮಗ್ಗ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಒಮ್ಮೆ ಕೇಳಿದೆ. "ಮೊದ್ಲು ಮುದುಕಿ ಸಲುವಾಗಿ. ಈಗ ಮುದುಕಿ ನೆನಪಿಗಿ. ಮತ್ತ ಕೈಯೂ ನೋಯ್ತಾವ ಬಿಡು" ಎಂದಳು. ಆಮೇಲೆ ಗೋಡೆಯ ಕಡೆ ಕೈ ತೋರಿಸಿ, "ಆದ್ರ ಅವತ್ತು ನಿಮ್ಮಪ್ಪ ಬಡಿಯೋ ಸಪ್ಪಳ ಐತಲ್ಲ, ಅದು ಗ್ವಾಡಿ ದಾಟಿ ನನ್ನ ಎದೀಗೇ ಬಡಿತೈತಿ. ತಿಂಗಳಿಗೊಂದು ದಿನ ಬೈಸ್ಕೊಂಡಂಗ" ಎಂದು ನಕ್ಕಳು. ಅವಳು ನಕ್ಕಳೆಂದು ನಾನೂ ನಕ್ಕೆ.

ಇನ್ನು ನಡೆದ ಸಂಗತಿಗೆ ಬರುತ್ತೇನೆ. ಅವ್ವ ಹೋಗಿ ಮೂರು ವರ್ಷವಾಗಿತ್ತು. ನಾನು ಮಕ್ತಲಿನ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಶನಿವಾರ ಸಂಜೆಯ ಬಸ್ಸಿಗೆ ಅಪ್ಪನ ಹತ್ತಿರ ಬಂದು ಸೋಮವಾರ ಬೆಳಗ್ಗೆ ಹಿಂದಿರುಗುತ್ತೇನೆ. ಅಪ್ಪನಿಗೆ ಎಂಬತ್ತು ದಾಟಿತ್ತು. ಕಣ್ಣು ಮಂಜು, ಆದರೆ ಕೈಗೆ ಮಗ್ಗ ಬಾಯಿಪಾಠ. ದಿನಕ್ಕೆ ಗೇಣು ಎರಡು ಗೇಣು ನೇಯುತ್ತಿದ್ದ. ವಾರ, ತಿಥಿ ಮಾತ್ರ ಆಗಾಗ ಕಲಸಿಹೋಗುತ್ತಿದ್ದವು. ಗೋಡೆಯ ಮೇಲೆ ಸಭೆಯ ಕ್ಯಾಲೆಂಡರ್ ಇತ್ತು, ಅದರಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಗುರುತಿಲ್ಲ. ಗುರುತಿದ್ದ ಕ್ಯಾಲೆಂಡರನ್ನು ಅಪ್ಪ ಮನೆಯೊಳಗೆ ಬಿಟ್ಟುಕೊಂಡವನೇ ಅಲ್ಲ. ಹಾಗಿದ್ದರೆ ಅಮಾವಾಸ್ಯೆ ಬಂದದ್ದು ಅವನಿಗೆ ಗೊತ್ತಾಗುತ್ತಿದ್ದದ್ದು ಹೇಗೆ? ಎದುರು ಸಾಲಿನ ಮಗ್ಗಗಳಿಂದ. ಅವು ಸುಮ್ಮನಾದವೆಂದರೆ ಅಮಾವಾಸ್ಯೆ. ಅವು ಸುಮ್ಮನಾದ ಕೂಡಲೆ ನಮ್ಮಪ್ಪ ಮಗ್ಗಕ್ಕೆ ಇಳಿಯುವನು.

ಆ ಜೂನಿನಲ್ಲಿ ಮೊದಲ ಮಳೆಗೆ ನೆನೆದು ಅಪ್ಪನಿಗೆ ಜ್ವರ ಬಂತು. ಜ್ವರದಲ್ಲೇ ಶುಕ್ರವಾರ ಮನೆಮನೆಗೆ ಹೋಗಿ ಕುಚ್ಚು ಹಂಚಿದ. ಚಿಕ್ಕಮ್ಮನ ಮನೆಗೂ ಹೋದ, ಮೂರನೆಯ ಪ್ರಶ್ನೆ ಕೇಳಿದ, ಬರಿಗೈಯಲ್ಲಿ ಬಂದ. ಶನಿವಾರ ಸಂಜೆ ಎಂದಿನಂತೆ ತನ್ನ ಕುಚ್ಚನ್ನು ತಾನೇ ಕಟ್ಟಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಭಾನುವಾರ ಬೆಳಗ್ಗೆ ಮಾತ್ರೆ ನುಂಗಿಸಿ, "ನೀ ಮಲ್ಕೋ, ಗುಡಿಯ ಎರಡನೇ ಗಂಟಿಗಿ ಬಂದು ಕರ್ಕೊಂಡು ಹೋಗ್ತೀನಿ" ಎಂದು ಹೇಳಿ ನಾನು ಗುಡಿ ಗುಡಿಸಲು ಹೋದೆ. ಗುಡಿ ನಮ್ಮ ಮನೆಯಿಂದ ಐದನೆಯ ಬಾಗಿಲು. ಅವತ್ತು ಅಮಾವಾಸ್ಯೆ ಎಂಬುದು ನನಗೆ ಗೊತ್ತಿತ್ತು. ಅಮಾವಾಸ್ಯೆ ಭಾನುವಾರ ಬಿದ್ದರೆ ನಮ್ಮಲ್ಲಿ ಭಾನುವಾರದ ನೇಮವೇ ನಡೆಯುವುದು, ಹಾಗಾಗಿ ಅಪ್ಪನಿಗೆ ಹೇಳಬೇಕೆಂದು ಹೊಳೆಯಲಿಲ್ಲ.

ಅಯ್ಯನವರು ಗದ್ವಾಲಿನ ಬೇಕರಿಯ ರೊಟ್ಟಿ, ಒಣದ್ರಾಕ್ಷಿ ಕುದಿಸಿದ ರಸದ ಬಾಟಲಿ ತೆಗೆದುಕೊಂಡು ಬೇಗನೆ ಬಂದುಬಿಟ್ಟಿದ್ದರು. ಮಳೆ ಮೋಡ ನೋಡಿ ಆರಾಧನೆಯನ್ನೂ ಬೇಗ ಶುರು ಮಾಡಿದರು. ನಾನು ಅಪ್ಪನನ್ನು ಕರೆಯಲು ಏಳಬೇಕು ಎನ್ನುವಷ್ಟರಲ್ಲಿ ಪ್ರಾರ್ಥನೆ ಆರಂಭವಾಯಿತು. ಎಲ್ಲರೂ ಕಣ್ಣು ಮುಚ್ಚಿದ್ದಾಗ, ಮಗ್ಗದ ಸಪ್ಪಳ ಕೇಳಿಸಿತು.

ಟಕ್, ಧಡ್. ಟಕ್, ಧಡ್. ಇಡೀ ಓಣಿಯಲ್ಲಿ ಅದೊಂದೇ ಸಪ್ಪಳ. ಯಾರ ಮಗ್ಗ ಎಂದು ಯಾರೂ ಕೇಳುವ ಅಗತ್ಯವಿರಲಿಲ್ಲ. ನಮ್ಮಪ್ಪನ ಬಡಿತ ಅಲ್ಲಿದ್ದವರಿಗೆಲ್ಲ ಅವರವರ ಮನೆಯ ಬಾಗಿಲಿನ ಸದ್ದಿನಷ್ಟು ಪರಿಚಯ. ಒಬ್ಬೊಬ್ಬರೇ ಕಣ್ಣು ತೆರೆದರು. ನನ್ನ ಕಡೆ ನೋಡಿದರು. ಅಯ್ಯನವರು ಪ್ರಾರ್ಥನೆಯನ್ನು ಅರ್ಧಕ್ಕೇ ಆಮೆನ್ ಎಂದು ಮುಗಿಸಿ, "ಒಂದು ಹಾಡು ಹಾಡೋಣ್ರಿ, ಜೋರಾಗಿ" ಎಂದರು. ಸಭೆ ಹಾಡಿತು. ನಮ್ಮವರು ಅಷ್ಟು ಜೋರಾಗಿ ಹಾಡಿದ್ದನ್ನು ನಾನು ಕ್ರಿಸ್ಮಸ್ಸಿಗೂ ಕೇಳಿಲ್ಲ. ಎಷ್ಟೋ ಸಲ ಅಪ್ಪನಿಂದ ಕುಚ್ಚು ಸಿಗದೆ ಹೋದವರೂ ಕತ್ತಿನ ನರ ಉಬ್ಬಿಸಿ ಹಾಡುತ್ತಿದ್ದರು, ಆ ಸಪ್ಪಳ ಮುಚ್ಚಲಿ ಎಂದು. ಅದನ್ನು ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತವೆ.

ನಾನು ಎದ್ದೆ. ನನಗಿಂತ ಮೊದಲೇ ಕೊನೆಯ ಬೆಂಚಿನಿಂದ ಚಿಕ್ಕಮ್ಮ ಎದ್ದಿದ್ದಳು. ಇಬ್ಬರೂ ಐದು ಬಾಗಿಲು ದಾಟಿ ಮನೆಗೆ ಬಂದೆವು.

ಅಪ್ಪ ಕುಣಿಯಲ್ಲಿ ಕೂತು ಬೆವರುತ್ತ ನೇಯುತ್ತಿದ್ದ. ನಮ್ಮ ನೆರಳು ಕಂಡು ತಲೆ ಎತ್ತಿದ. ಮುಖದ ತುಂಬ ಗೆಲುವು. "ಮರ್ತೇ ಬಿಟ್ಟಿದ್ದೆ ನೋಡವಾ! ಎಚ್ಚರಾದ್ರ ಎದುರು ಸಾಲಿನಾಗ ಸಪ್ಪಳಿಲ್ಲ. ಅಮಾಸಿ! ನಮ್ಮ ಮಗ್ಗ ನಿಂತೈತಿ! ಜ್ವರ ಗಿರ ಅಂತ ಮಲ್ಕೊಂಡ್ರ ಓಣ್ಯಾಗ ಏನಂದಾರು?"

ಒಂದು ಆಜ್ಞೆ ಪಾಲಿಸುವ ಅವಸರದಲ್ಲಿ ಇನ್ನೊಂದನ್ನು ಮುರಿದು ಕೂತಿದ್ದ ಮುದುಕನಿಗೆ ಏನೆಂದು ಹೇಳುವುದು? ಚಿಕ್ಕಮ್ಮ ನನ್ನ ಮೊಣಕೈ ಹಿಡಿದು, "ಹೌದ್ರಿ ಅಣ್ಣಾ, ಅಮಾಸಿ. ಸಾಕು ಈಗ, ಜ್ವರ ಐತಿ, ಏಳ್ರಿ" ಎಂದಳು. ಅಷ್ಟೇ ಹೇಳಿದಳು. ಅಪ್ಪ ಏಳಲೆಂದು ಕೈ ನೀಡಿದ. ಅವಳು ಆ ಕೈ ಹಿಡಿಯಲು ಬಗ್ಗಿದಾಗ ಅವಳ ಬಿಳಿ ಸೀರೆಯ ಸೆರಗು ಅವನ ಮುಖದ ಹತ್ತಿರ ಬಂತು. ಅವನು ಅದನ್ನು ಬೆರಳಿನಿಂದ ಮುಟ್ಟಿ ನೋಡಿದ. ನನ್ನ ಸೀರೆ ನೋಡಿದ. ಅದೂ ಬಿಳಿ. ಗುಡಿಯಿಂದ ಹಾಡು ಇನ್ನೂ ಜೋರಾಗಿ ಬರುತ್ತಿತ್ತು. ಅವನ ಇನ್ನೊಂದು ಕೈ ಲಾಳಿಯ ಹಗ್ಗದ ಮೇಲೇ ನಿಂತುಹೋಯಿತು.

"ಐತವಾರ" ಎಂದ.

ಜೇಬಿನಿಂದ ಕುಚ್ಚು ತೆಗೆದು ಗೂಡಿನಲ್ಲಿ ದೀಪದ ಪಕ್ಕ ಇಟ್ಟ. ಜ್ವರ ಇಲ್ಲದವನ ಹಾಗೆ ನೆಟ್ಟಗೆ ನಡೆದು ಹೋಗಿ ಹಾಸಿಗೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಆ ದಿನದಿಂದ ಅಪ್ಪ ಮಗ್ಗಕ್ಕೆ ಇಳಿಯಲಿಲ್ಲ. ಅರ್ಧ ನೇಯ್ದ ಸೀರೆಯ ಮೇಲೆ ಹಳೆಯ ದುಪ್ಪಟಿ ಹೊದಿಸಿದ. ಹಿರಿತನ ಬಿಟ್ಟೆ ಎಂದು ನನ್ನ ಕೈಯಿಂದ ಅಯ್ಯನವರಿಗೆ ಚೀಟಿ ಬರೆಸಿದ. ಭಾನುವಾರ ಬಂದರೆ ಅಂಗಿ ತೊಟ್ಟುಕೊಂಡು ಎಲ್ಲರಿಗಿಂತ ಮೊದಲೇ ಹೋಗುವನು, ಆದರೆ ಒಳಗೆ ಕಾಲಿಡುವುದಿಲ್ಲ. ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತು ಕಿಟಕಿಯಿಂದ ಕೇಳುವನು. ನನಗೆ ಒಂದೊಂದು ಸಲ ಸಿಟ್ಟು ಬರುತ್ತಿತ್ತು. ದೇವರಿಗಿಂತ ಹಟ ಹೆಚ್ಚು ಈ ಮುದುಕನಿಗೆ ಎಂದು ಪಾತ್ರೆ ಕುಕ್ಕುತ್ತಿದ್ದೆ. ಮತ್ತೊಂದು ಸಲ ಹೆದರಿಕೆ. ಅವನು ದಿನೇದಿನೇ ಇಳಿದುಹೋಗುತ್ತಿದ್ದ, ಊಟ ಕಾಗೆಗೆ ಹಾಕಿದಷ್ಟು. ಮುಂದಿನ ಪ್ರಭುಭೋಜನ ಸೆಪ್ಟೆಂಬರಿನಲ್ಲಿ. ಅದರ ಮುಂದಿನದಕ್ಕೆ ಅಪ್ಪ ಇರುತ್ತಾನೆಂದು ನನಗೆ ನಂಬಿಕೆ ಇರಲಿಲ್ಲ. ಅವನು ಆ ಮೇಜಿನಿಂದ ಹೊರಗೆ ನಿಂತೇ ಸಾಯಬಾರದು, ನನಗೆ ಬೇಕಾಗಿದ್ದದ್ದು ಅದೊಂದೇ.

ಅಯ್ಯನವರು ಗದ್ವಾಲಿನಿಂದ ಎರಡು ಸಲ ಇದಕ್ಕೆಂದೇ ಬಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡುವವರು. "ಪರವಾಲೇದು ಹಿರಿಯರ, ಮರ್ತು ಮಾಡಿದ್ದು ಪಾಪ ಅಲ್ರಿ" ಎಂದರು.

"ಮರ್ತು ಮುಟ್ಟಿದ್ರೂ ಬೆಂಕಿ ಸುಡತೈತಿ" ಎಂದ ಅಪ್ಪ.

ಅಯ್ಯನವರು ಕೊನೆಗೆ, ಈ ಸಲ ಕುಚ್ಚೇ ಬೇಡ, ಬಂದವರಿಗೆಲ್ಲ ರೊಟ್ಟಿ ಕೊಡುತ್ತೇನೆ ಎಂದು ಸಾರಿಬಿಟ್ಟರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಉಪಾಯ. ಆದರೆ ಕೇಳಿದ ಹಳಬರು ಗಾಬರಿಯಾದರು. ಇಬ್ಬರು ಅಜ್ಜಿಯರು ಅಪ್ಪನ ಹತ್ತಿರವೇ ಬಂದು, ಕುಚ್ಚಿಲ್ಲದೆ ಹೋದರೆ ಕೈ ಬರಿದಾದಂತೆ ಆಗುತ್ತದೆ, ನಮಗಾದರೂ ಕಟ್ಟಿಕೊಡು ಎಂದು ಕೂತರು. ಅಪ್ಪ ಕೊಡಲಿಲ್ಲ. ಅವರು ಹೋದ ಮೇಲೆ ನಾನು, "ಈಗಂತೂ ಕುಚ್ಚೇ ಬ್ಯಾಡ ಅಂದಾರ. ಹೋಗಾಕ ಏನಡ್ಡಿ?" ಎಂದೆ.

"ಅಯ್ಯನೋರು ಹುಕುಂ ತಗದ್ರ ನಾ ಮಾಡಿದ್ದು ಹೋದಂಗಾತೇನು?" ಎಂದ. ಬಾಗಿಲು ಕಿತ್ತು ಹಾಕಿದರೂ ಒಳಗೆ ಬಾ ಎಂದು ಯಾರಾದರೂ ಕರೆಯಬೇಕು ಎನ್ನುವ ಜಾತಿಯ ಮನುಷ್ಯ ಅವನು.

ಶುಕ್ರವಾರ ಬಂತು. ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ಸಂಜೆ ಐದರ ಸುಮಾರಿಗೆ, ಅಪ್ಪ ಇಷ್ಟು ವರ್ಷ ಚೀಲ ಹಿಡಿದು ಹೊರಡುತ್ತಿದ್ದ ಹೊತ್ತಿಗೆ ಸರಿಯಾಗಿ, ಚಿಕ್ಕಮ್ಮ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬಂದು ಅಪ್ಪನ ಮುಂದೆ ನೆಲದ ಮೇಲೆ ಕೂತಳು. ಸೆರಗಿನ ಗಂಟು ಬಿಚ್ಚಿ ಒಂದು ಕುಚ್ಚು ತೆಗೆದಳು. ಅವಳ ಮಗ್ಗದ ತುದಿನೂಲು, ಅರಿಷಿಣ ಬಣ್ಣದ್ದು.

"ಇದು ನಿಮಗ್ರಿ ಅಣ್ಣಾ."

ಅಪ್ಪನ ಮುಖ ಬಿಗಿಯಿತು. "ಕೊಡಾಕ ನಿನಗೇನು ಅಧಿಕಾರ ಐತಿ?"

"ಏನೂ ಇಲ್ರಿ."

"ಮತ್ತ?"

"ಅಧಿಕಾರ ಐತಿ ಅಂತ ನಾ ಕೊಡವಲ್ಲೆ. ನಿಮಗ ಯಾರೂ ಕೊಟ್ಟಿಲ್ಲಂತ ಕೊಡಾಕತ್ತೀನಿ" ಎಂದಳು. "ಇಷ್ಟು ವರ್ಷ ಎಲ್ಲಾರಿಗೂ ನೀವು ಕೊಟ್ರಿ. ನಿಮ್ಮದು ನೀವೇ ಕಟ್ಕೊಂಡ್ರಿ. ಒಂದು ಸಲನೂ ಇನ್ನೊಬ್ಬರ ಕೈಲಿಂದ ಇಸ್ಕೊಂಡಿಲ್ಲ. ಇಸ್ಕೊಳ್ಳೋದು ಹೆಂಗಿರ್ತೈತಂತ ನಿಮಗ ಗೊತ್ತೇ ಇಲ್ಲ."

ನಾನು ಚಹಾ ಮಾಡಲೆಂದು ಎದ್ದವಳು ಅಲ್ಲೇ ನಿಂತೆ. ಅಪ್ಪನ ಮಗಳಾಗಿ ನಲವತ್ತು ವರ್ಷ ಆ ಮನೆಯಲ್ಲಿ ಓಡಾಡಿದ್ದೇನೆ, ಪ್ರತಿ ಸಲ ಅವನು ಶನಿವಾರ ತನ್ನ ಕುಚ್ಚು ತಾನೇ ಕಟ್ಟುವುದನ್ನು ನೋಡಿದ್ದೇನೆ. ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅಪ್ಪ ಕೈ ಚಾಚಲಿಲ್ಲ. ಅವಳು ಕೈ ಹಿಂದೆಗೆಯಲಿಲ್ಲ. ಆ ಕೈಯ ಬೆರಳುಗಳು ಗಂಟು ಗಂಟಾಗಿ ಸೊಟ್ಟಗಾಗಿದ್ದವು. ಅಪ್ಪ ಮಂಜುಗಣ್ಣು ಕಿರಿದು ಮಾಡಿ ಅವನ್ನೇ ನೋಡುತ್ತ ಕೂತ.

"ಅಮಾಸಿಗಿ ಯಾಕ ನಿಲ್ಸ್ತಿದ್ದಿ?" ಎಂದು ಕೇಳಿದ. ಹತ್ತು ವರ್ಷದ ಮೇಲೆ ಕೇಳಿದ.

"ಅತ್ತಿ ಉಣ್ಣಲಿ ಅಂತ" ಎಂದಳು. ಎಲ್ಲ ಹೇಳಿದಳು. ಕಣ್ಣಿಲ್ಲದ ಮುದುಕಿ ನಡುಗುತ್ತಿದ್ದದ್ದು, ಸಪ್ಪಳ ಗೋಡೆಯಾಚೆಯದು, ತಮ್ಮ ಮಗ್ಗ ನಿಂತಿದೆ ಎಂದು ನಂಬಿಸಲು ಅವಳ ಕೈ ಹಿಡಿದು ತಂದು ಲಾಳಿ ಮುಟ್ಟಿಸುತ್ತಿದ್ದದ್ದು, ಆಮೇಲೆ ಅವಳು ರೊಟ್ಟಿ ಪುಂಡಿಪಲ್ಲೆ ಉಣ್ಣುತ್ತಿದ್ದದ್ದು. ದೂರಿನ ದನಿಯಲ್ಲಿ ಹೇಳಲಿಲ್ಲ.

"ನಿನಗ ಎಷ್ಟು ಸಲ ಇಲ್ಲ ಅಂದೀನಿ?" ಎಂದ ಅಪ್ಪ.

"ನೆಪ್ಪಿಲ್ರಿ."

"ಸುಳ್ಳು ಹೇಳಬ್ಯಾಡ."

"ನೆಪ್ಪೈತಿ. ಆದ್ರ ಹೇಳಂಗಿಲ್ಲ" ಎಂದಳು ಚಿಕ್ಕಮ್ಮ.

ಆಗ ಅಪ್ಪ ಅತ್ತ. ಅವ್ವ ಹೋದಾಗಲೂ ಅಳದವನು ಮುಖ ಮುಚ್ಚಿಕೊಳ್ಳದೆ, ಬಾಯಿ ತೆರೆದು, ಸಣ್ಣ ಮಕ್ಕಳ ಹಾಗೆ ಅತ್ತ. ಅಳುತ್ತಲೇ ಕೈ ಚಾಚಿದ. ಅವಳು ಅಂಗೈಯಲ್ಲಿ ಕುಚ್ಚು ಇಟ್ಟು ಬೆರಳು ಮಡಿಸಿದಳು. ಅವನು ಗೂಡಿನ ಕಡೆ ಸನ್ನೆ ಮಾಡಿದ. ಮೂರು ತಿಂಗಳ ಹಿಂದೆ ತನಗೆಂದು ಕಟ್ಟಿಕೊಂಡು, ತೆಗೆದಿಟ್ಟಿದ್ದ ಕೆಂಪು ಕುಚ್ಚು ದೂಳು ಹಿಡಿದು ಅಲ್ಲೇ ಇತ್ತು. ನಾನು ತಂದುಕೊಟ್ಟೆ. ಅದನ್ನು ಊದಿ, ಅಂಗಿಗೆ ಒರೆಸಿ ಅವಳಿಗೆ ಕೊಟ್ಟ.

"ಮೂರು ಪ್ರಶ್ನಿ ಕೇಳಂಗಿಲ್ಲೇನ್ರಿ?" ಎಂದಳು. "ಮುಂದಿನ ಅಮಾಸಿಗೂ ನಾ ನಿಲ್ಸಾಕಿನೇ. ಮೊದ್ಲೇ ಹೇಳ್ತೀನಿ, ಆಮ್ಯಾಲ ಜಗಳ ಬ್ಯಾಡ."

"ತಗೋ ಅಂದ್ರ ತಗೋ. ಬಾಯಿ ಬಾಳ ಆತು ನಿನಗ" ಎಂದ ಅಪ್ಪ. ಆ ಗದರಿಕೆ ಕೇಳಿ ನನಗೆ ಜೀವ ಬಂತು. ನಮ್ಮಪ್ಪ ನಮ್ಮಪ್ಪನೇ ಆಗಿ ತಿರುಗಿ ಬಂದಿದ್ದ.

ಭಾನುವಾರ ತಟ್ಟೆಯಲ್ಲಿ ಬಿದ್ದದ್ದು ಎರಡೇ ಕುಚ್ಚು, ಒಂದು ಅರಿಷಿಣ, ಒಂದು ಕೆಂಪು. ಅಯ್ಯನವರು ಬೇಡ ಎಂದು ಸಾರಿದ್ದವರು, ಅವನ್ನು ನೋಡಿ ಏನೂ ಕೇಳದೆ ತಟ್ಟೆಯನ್ನು ಮೇಜಿನ ನಡುವೆ ಇಟ್ಟರು. ಚಿಕ್ಕಮ್ಮ ಮುಂದೆ ಹೋಗುವಾಗ ಅವಳ ಸೊಂಟದ ಮೇಲೆ ಯಾರದೋ ಕೂಸಿತ್ತು. ಅಭ್ಯಾಸದಿಂದ ತಾಯಿ ಅವಳ ಕೈಗೆ ಕೊಟ್ಟು ಬಂದಿದ್ದಳು, ಅಭ್ಯಾಸದಿಂದ ಇವಳು ಇಸಿದುಕೊಂಡಿದ್ದಳು. ಕೂಸು ರೊಟ್ಟಿಗೆ ಕೈ ಹಾಕಿತು, ನಾಲ್ಕು ಜನ ನಕ್ಕರು. ಅಪ್ಪ ಮೊಣಕಾಲೂರಲು ಆಗದೆ ಅವಳ ಪಕ್ಕದಲ್ಲಿ ನನ್ನ ಹೆಗಲು ಹಿಡಿದು ನಿಂತು ತೆಗೆದುಕೊಂಡ. ನಾನು ಆ ದಿನ ಹೊಟ್ಟೆ ತುಂಬ ಅತ್ತೆ, ಮನಸ್ಸು ಹಗುರಾಯಿತು.

ಸೋಮವಾರದಿಂದ ದುಪ್ಪಟಿ ಸರಿಸಿ ಮತ್ತೆ ಮಗ್ಗಕ್ಕೆ ಇಳಿದ. ಭಾನುವಾರದ ನೇಮವನ್ನೇನೂ ಸಡಿಲ ಬಿಡಲಿಲ್ಲ. ಈಗ ಬೆಳಗಾದರೆ ಮೊದಲು ವಾರ ಕೇಳುತ್ತಾನೆ, ಆಮೇಲೆ ಕಾಲು ಇಳಿಬಿಡುತ್ತಾನೆ. ನಾನು ಇಲ್ಲದ ದಿನ ಗೋಡೆ ಬಡಿದು ಚಿಕ್ಕಮ್ಮನನ್ನು ಕೇಳುತ್ತಾನೆ. "ಐತವಾರ ಮಗ್ಗ ಮುಟ್ಟಿದ್ರ ರೊಟ್ಟಿ ಸಿಗಂಗಿಲ್ಲಂತ ಮೊದ್ಲು ನಿಲ್ಸ್ತಿದ್ದೆ. ಈಗ ರೊಟ್ಟಿ ಸಿಕ್ಕೈತಿ, ಅದಕ್ಕ ನಿಲ್ಸ್ತೀನಿ" ಎಂದು ಒಮ್ಮೆ ಅಂದ. ಅವನ ಬಾಯಲ್ಲಿ ನಾನು ಕೇಳಿದ ಪ್ರಸಂಗ ಅಷ್ಟೇ.

ಅಕ್ಟೋಬರಿನಲ್ಲಿ ಹೂವಿನ ಹಬ್ಬ ಬತುಕಮ್ಮ ಶುರುವಾಗುವ ಅಮಾವಾಸ್ಯೆ ಬಂತು. ಶಾಲೆಗೆ ರಜೆ, ನಾನು ಮನೆಯಲ್ಲಿದ್ದೆ. ಓಣಿಯ ಹುಡುಗಿಯರು ಬೆಳಗ್ಗೆಯೇ ಹೂ ತರಲು ಹೊರಟಿದ್ದರು. ಎದುರು ಸಾಲಿನ ಮಗ್ಗಗಳು ಸುಮ್ಮನಿದ್ದವು. ಅಪ್ಪ ಎದ್ದು ಮುಖ ತೊಳೆದು, ವಾರ ಕೇಳಿದ. ಶನಿವಾರ ಎಂದೆ. ಬಾಗಿಲಿಗೆ ಹೋಗಿ ಕಿವಿಗೊಟ್ಟು ನಿಂತ. ಇನ್ನೇನು ಇಳಿಯುತ್ತಾನೆ ಎಂದು ನಾನು ಮಗ್ಗದ ಮೇಲಿನ ಬಟ್ಟೆ ತೆಗೆಯಲು ಹೋದರೆ, "ಇರಲಿ ಬಿಡು" ಎಂದು ಹೊಸ್ತಿಲ ಮೇಲೆ ಕೂತ. ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ಅಪ್ಪ ಮಗ್ಗ ಬಿಟ್ಟಿದ್ದ ಆ ಮೂರು ತಿಂಗಳು ಬಿಟ್ಟರೆ, ಭಾನುವಾರವಲ್ಲದ ಅಮಾವಾಸ್ಯೆಗೆ ಆ ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಚಿಕ್ಕಮ್ಮ ಗಾಬರಿಯಿಂದ ಓಡಿ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು.

"ಏನಾತ್ರಿ ಅಣ್ಣಾ? ಮಗ್ಗ ಯಾಕ ನಿಂತೈತಿ? ಜ್ವರ ಬಂದಾವೇನು? ಮತ್ತ ಸಿಟ್ಟಾದ್ರೇನು?"

"ಏನಿಲ್ಲ" ಎಂದ ಅಪ್ಪ. ಹೊಸ್ತಿಲ ಮೇಲೆ ಸರಿದು ಅವಳಿಗೆ ಜಾಗ ಮಾಡಿದ. "ಇವತ್ತು ನಿನಗ ರಜಾ ಐತಲ್ಲ. ಗ್ವಾಡಿ ಆ ಕಡೆ ಸಪ್ಪಳ ಬರಬಾರದಂತ ಕುಂತೀನಿ."